ಹಿಡಿ ಲೆಕ್ಕ ಬಿಡಿ, ಹಗ್ಗ ಇಳಿಸಿ: ಮನೆಬಾವಿಯ ಕ್ಲೋರಿನೇಷನ್ ಹೇಗೆ?

ಮೇ ಕೊನೆಯ ಪತ್ತನಾಜೆ ಕಳೆದು ಮಳೆ ಹಿಡಿಯಿತೆಂದರೆ ಕಾಸರಗೋಡಿನ ಬಾವಿಗಳಿಗೆ ಬ್ಲೀಚಿಂಗ್ ಪುಡಿ ಬೀಳಲು ಶುರುವಾಗುತ್ತದೆ. ಹೆಚ್ಚಿನ ಮನೆಗಳಲ್ಲಿ ಅದು ನಡೆಯುವ ರೀತಿ ಒಂದೇ. ಪೊಟ್ಟಣ ಬಿಚ್ಚಿ, ಒಂದು ಹಿಡಿ ತೆಗೆದು, ಮುಖ ಆಚೆ ತಿರುಗಿಸಿ ಬಾವಿಗೆ ಎಸೆದರೆ ಕೆಲಸ ಮುಗಿಯಿತು. ನಾನೂ ವರ್ಷಗಟ್ಟಲೆ ಹಾಗೆಯೇ ಎಸೆದವನು. ಮರುದಿನ ನೀರಿಗೆ ಮೂಗು ಹಿಂಡುವ ವಾಸನೆ, ಕೊಡಪಾನದ ತಳದಲ್ಲಿ ಬಿಳಿ ಸುಣ್ಣ. ಮೂರು ದಿನ ಕಳೆದು ಮಲದ ಸೋಂಕು ತಿಳಿಸುವ ಪರೀಕ್ಷಾ ಬಾಟಲಿಗೆ ಅದೇ ನೀರು ತುಂಬಿಸಿಟ್ಟರೆ ಬಾಟಲಿ ಕಪ್ಪಾಯಿತು. ಎಸೆದದ್ದು ಕಡಿಮೆಯಾಯಿತೇ, ಹೆಚ್ಚಾಯಿತೇ ಎಂದು ಹೇಳುವುದಕ್ಕೂ ನನ್ನಲ್ಲಿ ಲೆಕ್ಕವಿರಲಿಲ್ಲ.

ಈಗ ನಮ್ಮ ವಾರ್ಡಿನ ಕುಟುಂಬಶ್ರೀ ಸ್ವಸಹಾಯ ಗುಂಪಿನ ಮಹಿಳೆಯರಿಗೆ ನೀರಿನ ತರಬೇತಿ ನಡೆಯುವಾಗ ಹಿಂದಿನ ಬೆಂಚಿನಲ್ಲಿ ನಾನೂ ಕುಳಿತುಕೊಳ್ಳುತ್ತೇನೆ. 2019ರಲ್ಲಿ ಆರಂಭವಾದ ಜಲ ಜೀವನ್ ಮಿಷನ್ ಪ್ರತಿ ಗ್ರಾಮದಲ್ಲಿ ಐವರು ಮಹಿಳೆಯರಿಗೆ ಕಿಟ್ ಕೊಟ್ಟು ನೀರಿನ ಪರೀಕ್ಷೆ ಕಲಿಸಬೇಕೆಂದು ಹೇಳುತ್ತದೆ. 2025ರ ಆಗಸ್ಟ್ ಕೊನೆಯಲ್ಲಿ ಅಮೀಬಾ ಮಿದುಳುಜ್ವರದ ಭಯದಿಂದ ಕೇರಳದಾದ್ಯಂತ ಬಾವಿ, ಟ್ಯಾಂಕ್‌ಗಳ ಕ್ಲೋರಿನೇಷನ್ ಅಭಿಯಾನವೇ ನಡೆಯಿತು. ಅಂದಹಾಗೆ ಆ ಅಮೀಬಾ ಕುಡಿದ ನೀರಿನಿಂದ ಹತ್ತುವುದಿಲ್ಲ, ಮೂಗಿನ ಮೂಲಕ ಏರುತ್ತದೆ. ಕುಡಿಯುವ ಬಾಯಿಗೆ ಅಪಾಯ ತರುವ ಕಾಮಾಲೆ, ವಾಂತಿಭೇದಿ, ವಿಷಮಶೀತಜ್ವರಗಳೇ ಬೇರೆ. ಅಭಿಯಾನಗಳು ಬರುತ್ತವೆ, ಹೋಗುತ್ತವೆ. ಅಳೆಯುವುದನ್ನು ಕಲಿತ ಕೈ ಮಾತ್ರ ಮನೆಯಲ್ಲೇ ಇರುತ್ತದೆ. ಆದ್ದರಿಂದ ಆ ತರಗತಿಯಲ್ಲಿ ಅತಿ ಹೆಚ್ಚು ಹೊತ್ತು ತೆಗೆದುಕೊಳ್ಳುವ ಭಾಗದಿಂದಲೇ ತೊಡಗುತ್ತೇನೆ.

ಮೊದಲು ಬಾವಿಯನ್ನು ಅಳೆಯಿರಿ

‘ನಮ್ಮದು ಹದಿನೆಂಟು ಕೋಲಿನ ಬಾವಿ’ ಎಂದು ಎಲ್ಲರಿಗೂ ಗೊತ್ತಿರುತ್ತದೆ. ಕೋಲು ಎಂದರೆ ಸುಮಾರು ಎರಡೂವರೆ ಅಡಿ. ಆದರೆ ಅದು ಬಾವಿ ತೋಡಿದವನಿಗೆ ಕೂಲಿ ಕೊಟ್ಟ ಲೆಕ್ಕ, ನೀರಿನ ಲೆಕ್ಕವಲ್ಲ. ನಮಗೆ ಬೇಕಾದದ್ದು ಈ ಹೊತ್ತಿಗೆ ಅದರಲ್ಲಿ ನೀರು ಎಷ್ಟು ಆಳ ನಿಂತಿದೆ ಎಂಬುದು.

ಹಗ್ಗದ ತುದಿಗೆ ಕಲ್ಲು ಕಟ್ಟಿ, ತಳ ಮುಟ್ಟುವವರೆಗೆ ಇಳಿಸಿ ಮೇಲೆಳೆಯಿರಿ. ಒದ್ದೆಯಾದಷ್ಟು ಉದ್ದವೇ ನೀರಿನ ಆಳ. ಬೇಸಿಗೆಯಲ್ಲಿ ಇದು ಸಲೀಸು. ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಹಗ್ಗ ಪೂರ್ತಿ ಒದ್ದೆಯಾಗಿಯೇ ಬರುತ್ತದೆ, ಎಲ್ಲಿಯವರೆಗೆ ಬಾವಿ ನೀರು, ಎಲ್ಲಿಂದ ಮಳೆ ನೀರು ಎಂದು ತಿಳಿಯುವುದಿಲ್ಲ. ಆಗ ಎರಡು ಸಲ ಇಳಿಸಬೇಕು. ಕಟ್ಟೆಯ ಅಂಚಿನಿಂದ ತಳಕ್ಕೆ ಎಷ್ಟು, ಅಂಚಿನಿಂದ ನೀರಿನ ಮೇಲ್ಮೈಗೆ ಎಷ್ಟು ಎಂದು ನೋಡಿ, ಮೊದಲನೆಯದರಿಂದ ಎರಡನೆಯದನ್ನು ಕಳೆಯಿರಿ. ಇನ್ನು ಬಾವಿಯ ಅಗಲ: ಟೇಪನ್ನು ಒಳಗೋಡೆಯಿಂದ ಎದುರಿನ ಒಳಗೋಡೆಗೆ ಹಿಡಿಯಿರಿ. ಕಟ್ಟೆಯ ಹೊರಗಿನಿಂದ ಅಳೆದರೆ ಕೆಂಪುಕಲ್ಲಿನ ದಪ್ಪವೂ ನೀರಿನ ಲೆಕ್ಕಕ್ಕೆ ಸೇರಿಬಿಡುತ್ತದೆ.

ಉರುಟು ಬಾವಿಗೆ ಸೂತ್ರ ಹೀಗೆ: ಅಗಲವನ್ನು ಅಗಲದಿಂದ ಗುಣಿಸಿ, ನೀರಿನ ಆಳದಿಂದ ಗುಣಿಸಿ, ಬಂದದ್ದನ್ನು 785ರಿಂದ ಗುಣಿಸಿ. ಎಲ್ಲವೂ ಮೀಟರಿನಲ್ಲಿದ್ದರೆ ಉತ್ತರ ಲೀಟರಿನಲ್ಲಿ ಬರುತ್ತದೆ. ಅಡಿಯಲ್ಲಿ ಅಳೆದವರು 785ರ ಬದಲು 22 ಇಟ್ಟುಕೊಳ್ಳಲಿ. 3 ಮೀಟರ್ ಅಗಲದ ಬಾವಿಯಲ್ಲಿ 4 ಮೀಟರ್ ನೀರಿದ್ದರೆ 28,260 ಲೀಟರ್ ಆಯಿತು.

ಸಾಮಾನ್ಯ ದಿನಗಳಲ್ಲಿ 1,000 ಲೀಟರಿಗೆ 2.5 ಗ್ರಾಂ ಒಳ್ಳೆಯ ಬ್ಲೀಚಿಂಗ್ ಪುಡಿ ಬೇಕು. ಮೇಲಿನ ಬಾವಿಗೆ ಸುಮಾರು 70 ಗ್ರಾಂ. ಅದೇ ಬಾವಿಯಲ್ಲಿ ಆಟಿಯಲ್ಲಿ 8 ಮೀಟರ್ ನೀರು ನಿಂತರೆ 140 ಗ್ರಾಂ ದಾಟುತ್ತದೆ. ಬೇಸಿಗೆಗೆ ಸಾಕಾಗುವ ಒಂದು ಹಿಡಿ ಮಳೆಗಾಲದಲ್ಲಿ ಅರ್ಧದಷ್ಟೇ ಕೆಲಸ ಮಾಡುವುದು ಹೀಗೆ. ಊರಲ್ಲಿ ಕಾಮಾಲೆಯೋ ವಾಂತಿಭೇದಿಯೋ ಕಾಣಿಸಿಕೊಂಡಾಗ, ನೆರೆನೀರು ಬಾವಿಗೆ ನುಗ್ಗಿದಾಗ ಪ್ರಮಾಣ 1,000 ಲೀಟರಿಗೆ 5 ಗ್ರಾಂ. ಇದಕ್ಕೆ ಸೂಪರ್ ಕ್ಲೋರಿನೇಷನ್ ಎನ್ನುತ್ತಾರೆ.

ತೂಕಕ್ಕೆ ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಇಲ್ಲದವರು ಅಂಗಡಿಯಲ್ಲಿ ಹತ್ತತ್ತು ಗ್ರಾಂ ಪೊಟ್ಟಣ ಕಟ್ಟಿಸಿಕೊಳ್ಳಬಹುದು, ಆದರೆ ಕಟ್ಟಿಸಿದ ದಿನವೇ ಬಳಸಬೇಕು. ಹೊಸ ಪುಡಿಯಲ್ಲಿ ಸುಮಾರು ಶೇ 33ರಷ್ಟು ಕ್ಲೋರಿನ್ ಇರುತ್ತದೆ. ಗಾಳಿ, ಬಿಸಿಲು, ತೇವ ತಾಗಿದಂತೆ ಅದು ಹಾರಿಹೋಗುತ್ತದೆ. ಕಳೆದ ವರ್ಷದ ಪುಡಿ ಉಂಡೆಗಟ್ಟಿ, ಮುಚ್ಚಳ ತೆಗೆದರೂ ಮೂಗಿಗೆ ಹೊಡೆಯದಿದ್ದರೆ ಅದು ಬರೀ ಸುಣ್ಣ. ತಗಡಿನ ಡಬ್ಬಿ ತುಕ್ಕು ಹಿಡಿಯುತ್ತದೆ, ಆದ್ದರಿಂದ ಬಿಗಿಯಾದ ಪ್ಲಾಸ್ಟಿಕ್ ಡಬ್ಬಿಯಲ್ಲಿಡಿ.

ತಿಳಿ ಮಾತ್ರ ಬಾವಿಗೆ

ನಮ್ಮ ಕೈಗೆ ಬರುವ ಕರಪತ್ರಗಳು ಹೆಚ್ಚಾಗಿ ಮಲಯಾಳಂನವು. ಪುಡಿಯ ತಿಳಿಯನ್ನು ಮಾತ್ರ ಹಾಕಿ ಎಂಬ ಸಾಲು ಅದರಲ್ಲಿ ಇದ್ದೇ ಇರುತ್ತದೆ, ಆದರೆ ಕನ್ನಡ ಮಾತ್ರ ಓದಬಲ್ಲ ಮನೆಗೆ ಅದು ತಲುಪುವುದಿಲ್ಲ. ತರಬೇತಿಯ ಅಕ್ಕ ಒಂದೇ ಮಾತಿನಲ್ಲಿ ಅರ್ಥ ಮಾಡಿಸಿದರು: ‘ಗಂಜಿಯ ತೆಳಿ ಬಗ್ಗಿಸಿದ ಹಾಗೆ. ಅಗುಳು ತಳದಲ್ಲೇ ಉಳಿಯಬೇಕು.’

ಪ್ಲಾಸ್ಟಿಕ್ ಬಕೆಟಿಗೆ ತೂಗಿದ ಪುಡಿ ಹಾಕಿ. ಒಂದು ಬಕೆಟಿಗೆ 100 ಗ್ರಾಂಗಿಂತ ಹೆಚ್ಚು ಬೇಡ, ಹೆಚ್ಚಿದ್ದರೆ ಎರಡು ಬಕೆಟ್ ಇಟ್ಟುಕೊಳ್ಳಿ. ಸ್ವಲ್ಪವೇ ನೀರು ಚಿಮುಕಿಸಿ ದೋಸೆಹಿಟ್ಟಿನ ಹದಕ್ಕೆ ಗಂಟಿಲ್ಲದಂತೆ ಕಲಸಿ. ಆಮೇಲೆ ಬಕೆಟಿನ ಮುಕ್ಕಾಲು ಭಾಗ ಬರುವವರೆಗೆ ನೀರು ಹೊಯ್ದು ಕದಡಿ, ಹತ್ತು ನಿಮಿಷ ಅಲುಗಿಸದೆ ಬಿಡಿ. ಸುಣ್ಣ ತಳಕ್ಕೆ ಕೂರುತ್ತದೆ. ಮೇಲಿನ ತಿಳಿಯನ್ನು ಬಾವಿಯ ಬಕೆಟಿಗೆ ಬಗ್ಗಿಸಿಕೊಳ್ಳಿ. ತಳದ ಸುಣ್ಣವನ್ನು ಬಾವಿಯಿಂದ ದೂರದಲ್ಲಿ ಗುಂಡಿಗೆ ಹಾಕಿ ಮಣ್ಣು ಮುಚ್ಚಿ. ಅದು ಬಾವಿಗೆ ಬಿದ್ದರೆ ನೀರು ಗಡಸಾಗುತ್ತದೆಯೇ ಹೊರತು ಶುದ್ಧವಾಗುವುದಿಲ್ಲ.

ಈಗ ಆ ಬಕೆಟನ್ನು ಹಗ್ಗದಲ್ಲಿ ಇಳಿಸಿ, ನೀರಿನೊಳಗೆ ಮುಳುಗಿಸಿ, ಮೇಲೆ ಕೆಳಗೆ, ಅತ್ತ ಇತ್ತ ಚೆನ್ನಾಗಿ ಆಡಿಸಿ. ಮೇಲಿನಿಂದ ಸುರಿದರೆ ಮೇಲ್ಪದರದಲ್ಲೇ ನಿಲ್ಲುತ್ತದೆ. ರಾಟೆ ಕಿರುಗುಟ್ಟುವಷ್ಟು ಸಲ ಎಳೆಯಬೇಕು, ಕೈ ಸೋಲುತ್ತದೆ, ಸೋಲಲಿ.

ಕೈಗವಸು ಇರಲಿ, ಮೂಗಿಗೆ ಬಟ್ಟೆ ಇರಲಿ, ಗಾಳಿಗೆ ಬೆನ್ನು ಮಾಡಿ ನಿಲ್ಲಿ. ಶೌಚಾಲಯ ತೊಳೆಯುವ ಆಮ್ಲದ ಬಾಟಲಿಯ ಹತ್ತಿರವೂ ಈ ಪುಡಿಯನ್ನು ತರಬೇಡಿ. ಎರಡೂ ಬೆರೆತರೆ ವಿಷಾನಿಲ ಏಳುತ್ತದೆ.

ರಾತ್ರಿ ಹಾಕಿ, ಬೆಳಗ್ಗೆ ನೋಡಿ

ಕನಿಷ್ಠ ಒಂದು ಗಂಟೆ ಬಾವಿ ಮುಟ್ಟಬಾರದು. ಸಂಜೆಯ ನೀರು ಸೇದಿ ಮುಗಿದ ಮೇಲೆ ಹಾಕಿದರೆ ಇಡೀ ರಾತ್ರಿ ಸಿಗುತ್ತದೆ. ಗಂಟೆ ಕಳೆದ ಮೇಲೆ ಕಿಟ್ಟಿನ ಚಿಕ್ಕ ಕೊಳವೆಗೆ ಬಾವಿ ನೀರು ಹಾಕಿ ದ್ರಾವಣದ ಹನಿ ಬಿಡಿ. ಆ ದ್ರಾವಣ ಆರ್ಥೋಟಾಲಿಡಿನ್ ಆದರೆ ಹಳದಿ, ಡಿಪಿಡಿ ಆದರೆ ಗುಲಾಬಿ ಬಣ್ಣ ಬರುತ್ತದೆ. ಹಳದಿಯನ್ನು ಹತ್ತು ಸೆಕೆಂಡಿನೊಳಗೆ ಬಣ್ಣಪಟ್ಟಿಯೊಂದಿಗೆ ಹೋಲಿಸಬೇಕು. ಆಮೇಲೆ ಗಾಢವಾಗುವ ಹಳದಿಯಲ್ಲಿ ಕೊಳೆಯೊಂದಿಗೆ ಸೇರಿಕೊಂಡ ಕ್ಲೋರಿನ್‌ನ ಪಾಲೂ ಇರುತ್ತದೆ, ಅದನ್ನು ನೋಡಿ ಖುಷಿಪಡಬೇಡಿ. ನೀರಿನಲ್ಲಿ ಉಳಿದ ಕ್ಲೋರಿನ್ ಲೀಟರಿಗೆ 0.5 ಮಿಲಿಗ್ರಾಂಗಿಂತ ಕಡಿಮೆ ಕಂಡರೆ ಇನ್ನೊಮ್ಮೆ ಹಾಕಬೇಕು. ಬೆಳಗ್ಗೆ ಮತ್ತೆ ನೋಡಿ, 0.2 ಇದ್ದರೂ ಸರಿ. ಮೊದಲ ಮಳೆಗೆ ನೀರು ಕೆಂಪಗೆ ಕದಡಿದ್ದರೆ ಮಣ್ಣೇ ಕ್ಲೋರಿನನ್ನು ತಿಂದುಹಾಕುತ್ತದೆ. ಬಾವಿ ತಿಳಿಯಾಗುವ ದಿನದವರೆಗೆ ನೀರು ಕುದಿಸಿ ಕುಡಿಯಿರಿ, ಆಮೇಲೆ ಪುಡಿಯ ತಿಳಿ ಹಾಕಿ.

ಒರತೆ ಹೊಸ ನೀರನ್ನು ತರುತ್ತಲೇ ಇರುವುದರಿಂದ ಒಂದೆರಡು ದಿನದಲ್ಲಿ ಬಣ್ಣ ಬರುವುದು ನಿಲ್ಲುತ್ತದೆ. ಮಳೆಗಾಲದಲ್ಲಿ ವಾರಕ್ಕೊಮ್ಮೆಯಾದರೂ ಮಾಡಿ. ಕಾಯಿಲೆ ಹಬ್ಬಿದಾಗ ಆರೋಗ್ಯ ಕಾರ್ಯಕರ್ತರು ದಿನವೂ ಹಾಕಲು ಹೇಳಬಹುದು. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲೇ ನೀರಿನ ಆಳ, ಹಾಕಿದ ಗ್ರಾಂ, ಬೆಳಗ್ಗೆ ಕಂಡ ಬಣ್ಣ ಬರೆದಿಡಿ.

ಪ್ರತಿ ತರಗತಿಯಲ್ಲೂ ಯಾರಾದರೂ ಕೇಳುವ ಪ್ರಶ್ನೆ: ‘ಬಾವಿಯ ಮೀನು ಸಾಯುವುದಿಲ್ಲವೇ?’ ಸಾಯುತ್ತದೆ. ಸೊಳ್ಳೆಮರಿ ತಿನ್ನಲೆಂದು ಬಿಟ್ಟ ಮೀನಿಗೆ ನಮಗೆ ಬೇಕಾದಷ್ಟು ಕ್ಲೋರಿನ್ ತಡೆಯುವುದಿಲ್ಲ. ಮೊದಲೇ ಹಿಡಿದು ತೊಟ್ಟಿಗೆ ಬಿಡಿ, ಬಾವಿಗೆ ಬಲೆ ಹೊದೆಸಿ. ಎಲೆಯೂ ಬೀಳದು, ಹಕ್ಕಿಯ ಹಿಕ್ಕೆಯೂ ಬೀಳದು.

ಸುರಂಗ, ಕೊಳವೆಬಾವಿ, ಕ್ಲೋರಿನ್‌ಗೆ ಬಗ್ಗದವು

ಬಾಯಾರು, ಪೈವಳಿಕೆ, ಎಣ್ಮಕಜೆ ಕಡೆಯ ಸುರಂಗದ ನೀರಿಗೆ ಈ ಲೆಕ್ಕ ಹೊಂದುವುದಿಲ್ಲ. ಗುಡ್ಡದ ಹೊಟ್ಟೆಯಿಂದ ಅಡ್ಡಕ್ಕೆ ಹರಿದು ಬರುವ ನೀರು ನಿಲ್ಲುವುದೇ ಇಲ್ಲ, ಹಾಕಿದ್ದು ಹಾಕಿದ ಹಾಗೆ ತೋಟಕ್ಕೆ ಹೋಗುತ್ತದೆ. ಅಡಿಕೆಯ ದಂಬೆಯಾಗಲಿ (ಸೀಳಿದ ಮರದ ಕಾಲುವೆ) ಪೈಪಾಗಲಿ ತಂದು ಬೀಳಿಸುವ ಟ್ಯಾಂಕಿಯಲ್ಲಿ ಮಾತ್ರ, ಒಳಹರಿವನ್ನು ತಡೆದು, ಟ್ಯಾಂಕಿಯ ಲೀಟರಿಗೆ ತಕ್ಕಂತೆ ಹಾಕಿ. ‘ಸುರಂಗದ ನೀರು ಮುಟ್ಟುವವರಿಲ್ಲ, ಅದಕ್ಕೇನು’ ಎಂಬ ಮಾತನ್ನು ನಾನು ನಂಬುವುದಿಲ್ಲ. ಬಾವಲಿಗಳು ಅಲ್ಲೇ ನೇತಾಡುತ್ತಿರುತ್ತವೆ.

ಕೊಳವೆಬಾವಿಯ ನೀರಿನಲ್ಲಿ ಕಬ್ಬಿಣ ಹೆಚ್ಚಿದ್ದರೆ ಕ್ಲೋರಿನ್ ಬಿದ್ದ ಕೂಡಲೇ ಕಂದು ಬಣ್ಣಕ್ಕೆ ತಿರುಗುತ್ತದೆ. ಆ ನೀರಿನ ಚಹಾ ಕಪ್ಪಗೆ ಆಗುವುದೂ ಅದರಿಂದಲೇ. ಪಾತ್ರೆಯಿಂದ ಪಾತ್ರೆಗೆ ಎತ್ತರದಿಂದ ಹೊಯ್ದು, ರಾತ್ರಿ ಬಿಟ್ಟು, ಮರಳಿನಲ್ಲಿ ಸೋಸಿದರೆ ಕಬ್ಬಿಣ ಬಹಳಷ್ಟು ಇಳಿಯುತ್ತದೆ. ಕ್ಲೋರಿನ್ ಅದರ ನಂತರ. ಕೆಂಪುಕಲ್ಲಿನ ನೀರು ಸಾಮಾನ್ಯವಾಗಿ ಹುಳಿ ಗುಣದ್ದು, ಭಾರತೀಯ ಮಾನಕ ಹೇಳುವ 6.5ರ ಪಿಎಚ್‌ಗಿಂತ ಕೆಳಗೇ ಇರುವುದುಂಟು. ಪೈಪು ತುಕ್ಕು ಹಿಡಿಯುತ್ತದೆ ನಿಜ, ಆದರೆ ಅಂಥ ನೀರಿನಲ್ಲಿ ಕ್ಲೋರಿನ್ ಇನ್ನಷ್ಟು ಚುರುಕಾಗಿ ಕೆಲಸ ಮಾಡುತ್ತದೆ.

ಕೀಟನಾಶಕ, ನೈಟ್ರೇಟ್, ಉಪ್ಪು ಇವೆಲ್ಲ ಕ್ಲೋರಿನ್‌ಗೂ ಬಗ್ಗುವುದಿಲ್ಲ, ಕುದಿಸಿದರೂ ಹೋಗುವುದಿಲ್ಲ. ಗೇರುತೋಟಗಳ ಮೇಲೆ ಎಂಡೋಸಲ್ಫಾನ್ ಸುರಿದದ್ದನ್ನು ಕಂಡ ಜಿಲ್ಲೆಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅವುಗಳಿಗೆ ಪ್ರಯೋಗಾಲಯವೇ ಬೇಕು. ಅಲ್ಲಿಗೆ ಜೀವಾಣು ಪರೀಕ್ಷೆಗೂ ಮಾದರಿ ಒಯ್ಯುವುದಾದರೆ ಅವರೇ ಕೊಡುವ ಕ್ರಿಮಿರಹಿತ ಬಾಟಲಿ ಬಳಸಿ, ಅದರ ಬಾಯಿಗೆ ಬೆರಳು ತಾಗಿಸದೆ ತುಂಬಿ, ಮಂಜುಗಡ್ಡೆಯಲ್ಲಿಟ್ಟು ಆರು ಗಂಟೆಯೊಳಗೆ ತಲುಪಿಸಿ. ನಿನ್ನೆ ಕ್ಲೋರಿನ್ ಹಾಕಿ ಇಂದು ಮಾದರಿ ಕೊಟ್ಟು ಉತ್ತಮ ವರದಿ ತಂದು ಮೋಸಹೋದವರನ್ನು ನೋಡಿದ್ದೇನೆ. ಮನೆಯಲ್ಲಿ ಮಾಡುವವರಿಗೆ ಹೈಡ್ರೋಜನ್ ಸಲ್ಫೈಡ್ ಬಾಟಲಿ ಇದೆ: ಗೆರೆಯವರೆಗೆ ನೀರು ತುಂಬಿ, 24ರಿಂದ 48 ಗಂಟೆ ಕಾಯಿರಿ. ಕಪ್ಪಾದರೆ ಮಲದ ಸೋಂಕು ತಗಲಿರುವ ಸಂಭವ ಹೆಚ್ಚು. ಆಗ ಕ್ಲೋರಿನ್ ಹಾಕಿದರಷ್ಟೇ ಸಾಲದು, ಶೌಚದ ಗುಂಡಿ ಎಲ್ಲಿದೆ ಎಂದು ಟೇಪು ಹಿಡಿದು ನೋಡಿ. ಕೇರಳದ ಕಟ್ಟಡ ನಿಯಮ 7.5 ಮೀಟರ್ ಅಂತರ ಕೇಳುತ್ತದೆ. ತೂತು ತೂತಾದ ಕೆಂಪುಕಲ್ಲಿನಲ್ಲಿ ನನಗೆ ಅದೂ ಕಡಿಮೆಯೆನಿಸುತ್ತದೆ.

ಇಷ್ಟೆಲ್ಲ ಮಾಡಿದ ಮನೆಯವರೂ ಮದುವೆಯ ದಿನ ಎಡವುತ್ತಾರೆ. ಪದಿಮುಗಂ ಮರದ ಚಕ್ಕೆ ಹಾಕಿದ ಗುಲಾಬಿ ಬಣ್ಣದ ನೀರು, ಜೀರಿಗೆ ನೀರು ಪಂಕ್ತಿಗೆ ಬರುತ್ತದೆ. ಬಣ್ಣ ಕಂಡವರೆಲ್ಲ ಕುದಿಸಿದ ನೀರೆಂದೇ ಕುಡಿಯುತ್ತಾರೆ. ಕುದಿಯುವ ನೀರು ಬಡಿಸಲಾಗದು, ಆರಿಸಲು ಹೊತ್ತಿಲ್ಲ, ಹಾಗಾಗಿ ಹಂಡೆಗೆ ಅರ್ಧದಷ್ಟು ಹಸಿ ನೀರು ಬೆರೆಯುತ್ತದೆ. ಕಾಮಾಲೆಯ ವೈರಸ್ಸಿಗೆ ಅಷ್ಟೇ ಸಾಕು. ನೀರು ಗುಳ್ಳೆಯೇಳುತ್ತ ಕನಿಷ್ಠ ಒಂದು ನಿಮಿಷ ಕುದಿಯಬೇಕು, ಆಮೇಲೆ ಅದು ತಾನಾಗಿಯೇ ಆರಬೇಕು. ಅಂದರೆ ಹಿಂದಿನ ರಾತ್ರಿಯೇ ಕುದಿಸಿ ಮುಚ್ಚಿಡಲು ಮುಚ್ಚಳವಿರುವ ಎರಡು ಹಂಡೆಗಳು ಹೆಚ್ಚಿಗೆ ಬೇಕಾಗುತ್ತವೆ. ಬಾಡಿಗೆ ಪಾತ್ರೆಗಳ ಪಟ್ಟಿ ಮಾಡುವಾಗಲೇ ಅವನ್ನು ಬರೆಸಿಕೊಳ್ಳಿ.