ಕೊನೆಯ ಟ್ರಿಪ್ ಮತ್ತೆ ಓಡಿದ್ದು ಹೀಗೆ

ಮಂಗಳೂರಿನ ಸಿಟಿ ಬಸ್ಸುಗಳಲ್ಲಿ ಹೆಚ್ಚಿನವು ಖಾಸಗಿಯವೇ. ಹಗಲು ಒಂದರ ಹಿಂದೆ ಒಂದು ಬರುತ್ತವೆ. ರಾತ್ರಿ ಮಾತ್ರ ನಂತೂರು ದಾಟಿ ನಮ್ಮ ಬಡಾವಣೆಗೆ ಬರಬೇಕಾದ ಕೊನೆಯ ಬಸ್ಸು ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ‘ಟ್ರಿಪ್ ಕಟ್’ ಅನ್ನುತ್ತಾರೆ ಇದಕ್ಕೆ. ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಲ್ಲಿ ಕಾದು ನಿಂತವರಿಗೆ ಅದನ್ನು ಹೇಳುವವರೂ ಇರುವುದಿಲ್ಲ. ಹಂಪನಕಟ್ಟೆಯ ಬಟ್ಟೆ ಅಂಗಡಿಗಳಲ್ಲಿ ಸೇಲ್ಸ್‌ ಕೆಲಸ ಮಾಡುವ ಹೆಂಗಸರು, ಆಸ್ಪತ್ರೆಯಲ್ಲಿ ಶಿಫ್ಟ್ ಮುಗಿಸಿ ಬರುವ ನರ್ಸ್‌ಗಳು, ಹೋಟೆಲಿನ ಹುಡುಗರು, ಇವರೇ ಆ ಬಸ್ಸಿನವರು. ಹತ್ತು ಗಂಟೆ ದಾಟಿತು ಅಂದರೆ ರಿಕ್ಷಾದವರಿಗೆ ಒಂದೂವರೆ ಪಟ್ಟು ಬಾಡಿಗೆ ಕೊಡಬೇಕು. ದಿನದ ದುಡಿಮೆಯಲ್ಲಿ ದೊಡ್ಡ ಪಾಲು ಅಲ್ಲೇ ಹೋಗುತ್ತದೆ.

ನಾನು ನಮ್ಮ ನಿವಾಸಿಗಳ ಸಂಘದ ಕಾರ್ಯದರ್ಶಿಯಾದಾಗ ಫೈಲಿನಲ್ಲಿ ಬಸ್ಸಿನ ಬಗ್ಗೆ ಹಳೆಯ ಮನವಿಗಳು ಬೇಕಾದಷ್ಟಿದ್ದವು. ಎಲ್ಲದರಲ್ಲೂ ಒಂದೇ ಮಾತು. ‘ಬಸ್ಸು ಸರಿಯಾಗಿ ಬರುತ್ತಿಲ್ಲ, ಸೂಕ್ತ ಕ್ರಮ ಕೈಗೊಳ್ಳಬೇಕು.’ ಯಾವ ಬಸ್ಸು, ಎಷ್ಟು ಗಂಟೆಯದ್ದು, ಯಾವ ದಿನ ಬರಲಿಲ್ಲ? ಅದೊಂದೂ ಇಲ್ಲ. ಇಂಥ ಕಾಗದ ಹಿಡಿದುಕೊಂಡು ಯಾವ ಅಧಿಕಾರಿಯಾದರೂ ಯಾರನ್ನು ಏನೆಂದು ಕೇಳಬೇಕು?

ಖಾಸಗಿ ಬಸ್ಸಿಗೆ ಪರ್ಮಿಟ್ ಕೊಡುವುದು ಪ್ರಾದೇಶಿಕ ಸಾರಿಗೆ ಪ್ರಾಧಿಕಾರ. ಜಿಲ್ಲಾಧಿಕಾರಿ ಅದರ ಅಧ್ಯಕ್ಷರು, ಆರ್‌ಟಿಒ ಕಾರ್ಯದರ್ಶಿ. ರೂಟಿನ ಜೊತೆ ಟೈಮಿಂಗೂ ಅಲ್ಲೇ ಗೊತ್ತುಮಾಡುತ್ತಾರೆ. ಆ ವೇಳಾಪಟ್ಟಿಯಂತೆ ಓಡಿಸಬೇಕು, ಅದನ್ನು ಬಸ್ಸಿನಲ್ಲೂ ನಿಲ್ದಾಣದಲ್ಲೂ ತೂಗುಹಾಕಬೇಕು ಎಂದು ಷರತ್ತು ಹಾಕಲು 1988ರ ಮೋಟಾರು ವಾಹನ ಕಾಯ್ದೆಯ 72ನೇ ಸೆಕ್ಷನ್ ಅವಕಾಶ ಕೊಡುತ್ತದೆ. ಷರತ್ತು ಮುರಿದರೆ 86ನೇ ಸೆಕ್ಷನ್ ಪ್ರಕಾರ ಪರ್ಮಿಟ್ ಅಮಾನತು ಮಾಡಬಹುದು, ರದ್ದೂ ಮಾಡಬಹುದು. ಅಂದಮೇಲೆ ಕೊನೆಯ ಟ್ರಿಪ್ ಓಡಿಸುವುದು ಮಾಲೀಕರು ನಮಗೆ ಮಾಡುವ ಉಪಕಾರ ಅಲ್ಲ, ಅಲ್ವಾ?

ಹಾಗಾಗಿ ಮೊದಲು ಬೇಕಾದದ್ದು ಆ ಟೈಮಿಂಗ್ ಶೀಟ್. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆವು. ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ಸಾಕು. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದಗಳ ಒಳಗೆ. ಕಷ್ಟಸುಖವನ್ನೆಲ್ಲ ಅಲ್ಲಿ ತೋಡಿಕೊಳ್ಳಬಾರದು. ‘ಈ ರೂಟಿನಲ್ಲಿ ರಾತ್ರಿ 8ರ ನಂತರ ಓಡಬೇಕಾದ ಎಲ್ಲ ಬಸ್ಸುಗಳ ಮಂಜೂರಾದ ವೇಳಾಪಟ್ಟಿಯ ಪ್ರತಿ ಕೊಡಿ’ ಎಂದಷ್ಟೇ ಬರೆದೆವು. ಉತ್ತರಕ್ಕೆ 30 ದಿನಗಳ ಗಡುವು ಇದೆ, ಅಷ್ಟರೊಳಗೆ ಬಂತು. ಶೀಟಿನಲ್ಲಿ ನಮ್ಮ ಕೊನೆಯ ಬಸ್ಸು ಸ್ಪಷ್ಟವಾಗಿ ಇತ್ತು: ಸ್ಟೇಟ್‌ಬ್ಯಾಂಕ್ ಬಿಡುವುದು 9.40ಕ್ಕೆ.

ಇನ್ನು ದಾಖಲೆ. ನಮ್ಮ ಊರಿನಲ್ಲಿ ಬಸ್ಸನ್ನು ಗುರುತಿಸುವುದೇ ಹೆಸರಿನಿಂದ. ಆದರೆ ಒಬ್ಬರೇ ಮಾಲೀಕರ ಹಲವು ಬಸ್ಸುಗಳಿಗೆ ಒಂದೇ ಹೆಸರು ಇರುತ್ತದೆ, ಕಚೇರಿಯಲ್ಲಿ ಆ ಹೆಸರಿನಿಂದ ಏನೂ ಸಿಗುವುದಿಲ್ಲ. ಕೆಎ 19ರಿಂದ ಶುರುವಾಗುವ ಪೂರ್ತಿ ನಂಬರ್ ಬೇಕು. ಶೀಟಿನಲ್ಲಿದ್ದ ನಂಬರನ್ನು ವಾಟ್ಸಾಪ್ ಗ್ರೂಪಿನಲ್ಲಿ ಹಾಕಿದೆವು. ನಿತ್ಯ ಆ ಬಸ್ಸಿಗೆ ಕಾಯುವ ಹೆಂಗಸರೇ ಬರೆಯತೊಡಗಿದರು. ತಾರೀಕು, ಬಂತೋ ಇಲ್ಲವೋ, ಎಷ್ಟು ಗಂಟೆಯವರೆಗೆ ಕಾದೆವು, ಇಷ್ಟೇ. ಬಸ್ಸು ಬಂದ ದಿನವನ್ನೂ ಬಿಡದೆ ಬರೆಯಿರಿ ಎಂದು ನಾನು ಒತ್ತಿ ಹೇಳಿದ್ದೆ. ಬಾರದ ದಿನಗಳನ್ನು ಮಾತ್ರ ಬರೆದರೆ ಆ ಪಟ್ಟಿಯನ್ನು ಯಾರೂ ನಂಬುವುದಿಲ್ಲ.

ದೂರು ಕೊಡುವ ಮೊದಲು ಮಾಲೀಕರನ್ನು ಕಂಡು ಮಾತಾಡಿದೆವು. ಇದು ಬಹಳ ಮುಖ್ಯ. ‘ಕಲೆಕ್ಷನ್ ಇಲ್ಲ ಮಾರಾಯ್ರೆ, ಡೀಸೆಲಿನ ದುಡ್ಡೂ ಹುಟ್ಟುವುದಿಲ್ಲ’ ಅಂದರು. ಸುಳ್ಳಲ್ಲ, ರಾತ್ರಿ ಹೋಗುವಾಗ ಜನ ಇದ್ದರೂ ವಾಪಸ್ ಬರುವಾಗ ಬಸ್ಸು ಖಾಲಿ. ಜೊತೆಗೆ ಬಂದಿದ್ದ ಬಟ್ಟೆ ಅಂಗಡಿಯ ಅಕ್ಕ ಹೇಳಿದರು: ‘ಬರುತ್ತದೆ ಅಂತ ನಂಬಿಕೆ ಇಲ್ಲದ ಬಸ್ಸಿಗೆ ಯಾರು ಕಾಯುತ್ತಾರೆ ಅಣ್ಣ? ಒಂದು ತಿಂಗಳು ತಪ್ಪದೆ ಓಡಿಸಿ, ಆಮೇಲೆ ಕಲೆಕ್ಷನ್ ಲೆಕ್ಕ ಹೇಳಿ.’ ಅವರು ನೋಡೋಣ ಅಂದರು. ಕೆಲವು ದಿನ ಓಡಿತು, ಮತ್ತೆ ನಿಂತಿತು.

ಆಗ ಟೈಮಿಂಗ್ ಶೀಟ್, ನಮ್ಮ ಪಟ್ಟಿ, ಪ್ರಯಾಣಿಕರ ಸಹಿ ಮೂರನ್ನೂ ಸೇರಿಸಿ ಪ್ರಾಧಿಕಾರಕ್ಕೆ ಕೊಟ್ಟು ಸ್ವೀಕೃತಿ ಸೀಲ್ ಹಾಕಿಸಿಕೊಂಡೆವು. ಡ್ರೈವರ್, ಕಂಡಕ್ಟರ್ ಬಗ್ಗೆ ಒಂದು ಸಾಲೂ ಬರೆಯಲಿಲ್ಲ. ಬೆಳಗ್ಗೆಯಿಂದ ತುಳುವಿನಲ್ಲಿ ‘ದುಂಬು ಪೋಲೆ’ (ಮುಂದೆ ಹೋಗಿ) ಎಂದು ಕೂಗಿ ದಣಿದ ಕಂಡಕ್ಟರ್ ತಾನಾಗಿ ಟ್ರಿಪ್ ಕಟ್ ಮಾಡುವುದಿಲ್ಲ. ಮಾಲೀಕರಿಗೆ ನೋಟಿಸ್ ಹೋಯಿತು, ಬಸ್ಸು ಓಡತೊಡಗಿತು. ಈಗ ಮಳೆ ಜೋರಾಗಿರುವ ರಾತ್ರಿಯೂ ಮಲ್ಲಿಕಟ್ಟೆ ದಾಟುವಾಗ ಸೀಟು ಸಿಗುವುದಿಲ್ಲ ಅನ್ನುತ್ತಾರೆ.

2023ರ ಜೂನ್ 11ಕ್ಕೆ ಶುರುವಾದ ಶಕ್ತಿ ಯೋಜನೆಯ ಉಚಿತ ಪ್ರಯಾಣ ಖಾಸಗಿ ಬಸ್ಸಿನಲ್ಲಿ ಇಲ್ಲ. ಬೇರೆ ಜಿಲ್ಲೆಯ ಹೆಂಗಸರಿಗೆ ದಿನಾ ಸಿಗುವ ಸೌಲಭ್ಯ ನಮ್ಮವರಿಗೆ ಅಪರೂಪ. ಹಾಗಾಗಿ ನಮ್ಮ ರೂಟಿಗೆ ಸರ್ಕಾರಿ ಬಸ್ಸೂ ಬೇಕೆಂದು ಬೇರೆಯೇ ಅರ್ಜಿ ಕೊಟ್ಟಿದ್ದೇವೆ. ಅದು ಇನ್ನೂ ತೀರ್ಮಾನ ಆಗಿಲ್ಲ.

ಸದ್ಯಕ್ಕೆ ಶೀಟಿನ ದೊಡ್ಡ ಪ್ರತಿಯನ್ನು ನಮ್ಮ ಸ್ಟಾಪಿನಲ್ಲಿ ಪ್ಲಾಸ್ಟಿಕ್ ಹೊದೆಸಿ ಅಂಟಿಸಿದ್ದೇವೆ. ಭಾನುವಾರ ಬೆಳಗ್ಗಿನ ಎರಡು ಟ್ರಿಪ್ ಅದರಲ್ಲಿ ಇವೆ, ರಸ್ತೆಯಲ್ಲಿ ಇಲ್ಲ. ಚರ್ಚಿಗೆ, ಕೆಲಸಕ್ಕೆ ಹೋಗುವವರು ಅದರ ಪಟ್ಟಿ ಬರೆಯುತ್ತಿದ್ದಾರೆ.