ನಮ್ಮೂರಿನ ತಲೆ ಲೆಕ್ಕ, ದುಡ್ಡಿನ ಲೆಕ್ಕ

2001 ಮತ್ತು 2011ರ ಜನಗಣತಿ ಎರಡರಲ್ಲೂ ನಾನು ಮನೆ ಮನೆ ಸುತ್ತಿದವನು. ಪ್ರೈಮರಿ ಶಾಲೆ ಮೇಷ್ಟ್ರಾದ ಮೇಲೆ ಅದು ತಪ್ಪುತ್ತದೆಯೇ? ಎರಡನೇ ಸಲದ ಲೆಕ್ಕ ಹೊರಬಂದಾಗ ರಾಜ್ಯದ ಜನ ಹತ್ತು ವರ್ಷದಲ್ಲಿ ಶೇ 15.6ರಷ್ಟು ಹೆಚ್ಚಿದ್ದರು. ನಮ್ಮ ಚಿಕ್ಕಮಗಳೂರು ಜಿಲ್ಲೆ ಮಾತ್ರ 11.41 ಲಕ್ಷದಿಂದ 11.38 ಲಕ್ಷಕ್ಕೆ ಇಳಿದಿತ್ತು. ಹಾಗೆ ಇಳಿದ ಜಿಲ್ಲೆ ರಾಜ್ಯದಲ್ಲಿ ಇದೊಂದೇ.

2021ರ ಗಣತಿ ನಡೆಯಲೇ ಇಲ್ಲ. ಅಷ್ಟರಲ್ಲಿ ನಾನೂ ರಿಟೈರ್ ಆಗಿದ್ದೆ. ಕೊಪ್ಪದ ಕಡೆಯ ನಮ್ಮ ಪುಟ್ಟ ಊರಿನ ಲೆಕ್ಕವನ್ನು ಸುಮ್ನೆ ನಾನೇ ಬರೆಯೋಣ ಅಂತ ಉದ್ದನೆಯ ನೋಟ್‌ಬುಕ್ ಹಿಡಿದು ಹೊರಟೆ.

ತಲೆ ಎಣಿಸುವುದು ಸುಲಭ ಅಂದುಕೊಂಡಿದ್ದೆ. ಮೊದಲ ಮನೆಯಲ್ಲೇ ತೊಡಕಾಯಿತು. ರೇಷನ್ ಕಾರ್ಡಿನಲ್ಲಿ ಆರು ಹೆಸರು, ಜಗಲಿಯಲ್ಲಿ ಇಬ್ಬರು. "ಮಗ ಬೆಂಗಳೂರಲ್ಲಿದ್ದಾನೆ ಮೇಷ್ಟ್ರೇ, ಆದ್ರೆ ಹೆಸರು ಇಲ್ಲೇ ಬರ್ಕೊಳ್ಳಿ" ಅಂದರು ಮನೆಯ ಯಜಮಾನರು. ವೋಟರ್ ಲಿಸ್ಟೂ ಹಾಗೇ. ಕಾಗದದಲ್ಲಿ ಊರು ತುಂಬಿದೆ, ಸಂಜೆ ದೀಪ ಎಣಿಸಿದರೆ ಇಲ್ಲ. ಕೊನೆಗೆ ಒಂದು ನಿಯಮ ಮಾಡಿಕೊಂಡೆ. ವರ್ಷದಲ್ಲಿ ಆರು ತಿಂಗಳಿಗಿಂತ ಜಾಸ್ತಿ ಇಲ್ಲಿ ಉಂಡು ಮಲಗುವವರು ಮಾತ್ರ ಊರಿನವರು. ಉಳಿದವರಿಗೆ ಬೇರೆ ಕಾಲಂ. ತೋಟದ ಕೂಲಿಯವರ ಲೈನ್ ಮನೆಯಲ್ಲಿರುವ ಅಸ್ಸಾಮಿನ ಸಂಸಾರ ಹೀಗೆ ಊರಿನ ಲೆಕ್ಕಕ್ಕೆ ಸೇರಿತು, ನನ್ನ ಸ್ವಂತ ಮಗ ಹೊರಗೆ ಬಿದ್ದ. ಹೆಂಡತಿ ಎರಡು ದಿನ ಸರಿಯಾಗಿ ಮಾತಾಡಲಿಲ್ಲ.

ನನ್ನ ಲೆಕ್ಕ ಸರಿ ಇದೆಯೇ ಅಂತ ತಾಳೆ ನೋಡಲು ತುಂಬಾ ಸಹಾಯವಾದದ್ದು ಅಂಗನವಾಡಿ ಟೀಚರ್. ಯಾರ ಮನೆಯಲ್ಲಿ ಮಗು ಇದೆ, ಯಾರು ಬಸುರಿ ಅನ್ನುವುದು ಅವರಿಗೆ ಬಾಯಿಪಾಠ. ಮಕ್ಕಳ ಸಂಖ್ಯೆ ನೋಡಿದರೆ ಮುಂದಿನ ಹತ್ತು ವರ್ಷದ ಊರು ಕಣ್ಣಿಗೆ ಕಟ್ಟುತ್ತದೆ.

ದುಡ್ಡಿನ ಲೆಕ್ಕ ಬೇರೆಯೇ ಕಥೆ. "ವರ್ಷಕ್ಕೆ ಆದಾಯ ಎಷ್ಟು?" ಅಂತ ನೇರ ಕೇಳಿದ್ದು ನನ್ನ ದೊಡ್ಡ ತಪ್ಪು. ಬಿಪಿಎಲ್ ಕಾರ್ಡಿಗೆ ವರ್ಷಕ್ಕೆ 1.20 ಲಕ್ಷದ ಮಿತಿ ಇದೆಯಲ್ಲ, ಎಲ್ಲರ ಆದಾಯವೂ ಅದಕ್ಕಿಂತ ಸ್ವಲ್ಪ ಕೆಳಗೇ ಬಂದು ನಿಂತಿತು! ಆ ಪುಟಗಳನ್ನು ಹರಿದು ಹಾಕಿದೆ. ಎರಡನೇ ಸುತ್ತಿನಲ್ಲಿ ರೂಪಾಯಿ ಮಾತೇ ಎತ್ತಲಿಲ್ಲ, ಹೆಸರನ್ನೂ ಬರೆಯಲಿಲ್ಲ. ಅಡಿಕೆ ಬಗ್ಗೆ ಕೇಳಿದೆ. ಅಡಿಕೆ ಮಾತು ಬಂದರೆ ಮಲೆನಾಡಿನವರು ಬಾಯಿ ಮುಚ್ಚುವುದಿಲ್ಲ ಅಲ್ವಾ? ಎಷ್ಟು ಮರ ಫಸಲು ಕೊಡುತ್ತಿದೆ, ಹಸಿ ಅಡಿಕೆ ಎಷ್ಟಾಯಿತು, ಚೇಣಿ (ಫಸಲಿನ ಗುತ್ತಿಗೆ) ಕೊಟ್ಟಿರೋ ನೀವೇ ಸುಲಿಸಿದಿರೋ. ಒಂದು ಕ್ವಿಂಟಲ್ ಹಸಿ ಅಡಿಕೆಗೆ ಒಣಗಿದ್ದು ಸುಮಾರು 12-13 ಕೆಜಿ ಸಿಗುತ್ತದೆ. ಮಂಡಿಯ ದರ ಎಲ್ಲರಿಗೂ ಗೊತ್ತು. ಉಳಿದದ್ದು ನನ್ನ ಗುಣಾಕಾರ.

ಅದರಲ್ಲೂ ಎಡವಿದೆ. ದರ ಇಳಿದಾಗ ಅಡಿಕೆಯನ್ನು ಅಟ್ಟದಲ್ಲಿಟ್ಟು ಮುಂದಿನ ವರ್ಷ ಮಾರುವವರಿದ್ದಾರೆ. ಒಂದು ವರ್ಷ ಆದಾಯ ಸೊನ್ನೆ, ಇನ್ನೊಂದು ವರ್ಷ ಡಬಲ್. ಆಮೇಲೆ ಮೂರು ಫಸಲನ್ನು ಕೂಡಿ ಸರಾಸರಿ ತೆಗೆದೆ. ಖರ್ಚು ಕಳೆಯುವುದೂ ಮುಖ್ಯ: ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸಿದ್ದು, ಗೊಬ್ಬರ, ಆಳಿನ ಕೂಲಿ, ಮಂಡಿ ಸಾಲದ ಬಡ್ಡಿ. ಹಳದಿ ಎಲೆ ರೋಗ ಬಂದ ತೋಟದಲ್ಲಿ ಮರ ಎಣಿಸಿ ಲಾಭವಿಲ್ಲ, ನಿಂತಿರುತ್ತದೆ, ಕಾಯಿ ಇರುವುದಿಲ್ಲ. ತೋಟ ಇಲ್ಲದವರ ಮನೆಯಲ್ಲಿ ಕೂಲಿ ಸಿಕ್ಕ ದಿನಗಳನ್ನು ತಿಂಗಳುವಾರು ಕೇಳಿದೆ. ಅಲ್ಲಿ ಗೃಹಲಕ್ಷ್ಮಿಯ 2,000 ರೂಪಾಯಿ ಸಣ್ಣ ದುಡ್ಡಲ್ಲ. ಮಳೆಗಾಲದಲ್ಲಂತೂ ಅದೇ ಆಧಾರ.

ಎಲ್ಲ ಕೂಡಿ ತಲೆಗೆ ಎಷ್ಟು ಅಂತ ಭಾಗಿಸಿದಾಗ, ನನ್ನ ಹಳೆಯ ಅಂದಾಜಿಗಿಂತ ಊರು ಶ್ರೀಮಂತವಾಗಿ ಕಂಡಿತು. ಖುಷಿಯಾಯಿತು. ರಾತ್ರಿ ಮಲಗಿದಾಗ ಹೊಳೆಯಿತು ನೋಡಿ. ಆರು ಜನರ ಮನೆಗೆ 3 ಲಕ್ಷ ಬಂದರೆ ತಲೆಗೆ 50,000. ಅದರಲ್ಲಿ ಮೂವರು ಊರು ಬಿಟ್ಟರೆ ತಲೆಗೆ 1 ಲಕ್ಷ. ಒಂದು ಅಡಿಕೆಯೂ ಹೆಚ್ಚು ಬೆಳೆದಿಲ್ಲ. ಅಂದಿನಿಂದ ತಲೆ ಲೆಕ್ಕದ ಪಕ್ಕದಲ್ಲಿ ಮನೆವಾರು ಲೆಕ್ಕವನ್ನೂ ಇಡುತ್ತೇನೆ. ಮಕ್ಕಳು ಪೇಟೆಯಿಂದ ಕಳಿಸುವ ದುಡ್ಡಿಗೆ ಬೇರೆ ಸಾಲು, ಅದು ಊರು ದುಡಿದದ್ದಲ್ಲ.

ಸರ್ಕಾರದ ಗಣತಿ ಈಗ 2027ರ ಮಾರ್ಚ್ 1ಕ್ಕೆ ನಿಗದಿಯಾಗಿದೆ. ಅದರ ಜೊತೆಗೇ ನನ್ನ ನೋಟ್‌ಬುಕ್ಕೂ ಇನ್ನೊಂದು ಸುತ್ತು ಹೋಗುತ್ತದೆ. ಈ ಸಲ ಒಂದು ಕಾಲಂ ಹೊಸದು: "ನಿಮ್ಮ ತೋಟದ ಅಡಿಕೆ ಕೊನೆ (ಗೊಂಚಲು) ತೆಗೆಯುವವರು ಯಾರು?" ಪಕ್ಕದ ಮನೆಯಲ್ಲಿ ಪರೀಕ್ಷೆಗೆ ಕೇಳಿ ನೋಡಿದೆ. ಮೊದಲು ನಮ್ಮೂರಿನವನೇ ಒಬ್ಬ ಮರ ಹತ್ತುತ್ತಿದ್ದ. ಅವನಿಗೆ ಈಗ ಮೊಣಕಾಲು ನೋವು, ಮಕ್ಕಳಿಬ್ಬರೂ ಬೆಂಗಳೂರಲ್ಲಿ. ಹೋದ ವರ್ಷದಿಂದ ಹೊರಗಿನ ಗ್ಯಾಂಗು ಫೈಬರ್ ದೋಟಿ (ಕೊನೆ ಇಳಿಸುವ ಉದ್ದನೆಯ ಕೋಲು) ಹಿಡಿದು ಬರುತ್ತದೆ, ಎರಡು ದಿನದಲ್ಲಿ ಮುಗಿಸಿ ಹೋಗುತ್ತದೆ. ಅವರನ್ನು ಯಾವ ಸಾಲಿಗೆ ಬರೆಯುವುದು ಅಂತ ಇನ್ನೂ ತೀರ್ಮಾನಿಸಿಲ್ಲ.