ಗುಳೆ ಹೋದವರ ಗಾಡಿ, ಐದಾರು ತಿಂಗಳಾದರೂ ಮೂರು ಕಿಕ್ಕಿಗೆ ಸ್ಟಾರ್ಟ್

ನಮ್ಮ ದೇವದುರ್ಗದ ಕಡೆ ಹತ್ತಿ ಬಿಡಿಸಿ ಮುಗಿದರೆ ಓಣಿ ಅರ್ಧ ಖಾಲಿ. ಬೆಂಗಳೂರು, ಪುಣೆ ಅಂತ ಜನ ಗುಳೆ ಹೊರಡುತ್ತಾರೆ. ಬೈಕು ಮಾತ್ರ ಪಡಸಾಲೆಯಲ್ಲೇ ನಿಲ್ಲುತ್ತೆ. ಮುಂಗಾರಿಗೆ ಬಂದು ಕಿಕ್ ಹೊಡೆದರೆ ಮಿಸುಕಲ್ಲ. ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬೊರೇಟರ್ ತೊಳೆಯೋಕೆ 300–400, ಬ್ಯಾಟರಿಗೆ 1,200ರ ಹತ್ತಿರ, ಪಿಸ್ಟನ್ ಆಡುವ ಬೋರಿಗೆ ತುಕ್ಕು ಹಿಡಿದಿದ್ದರೆ 4–5 ಸಾವಿರ. ದುಡಿದು ತಂದ ದುಡ್ಡು ಹೀಗೆ ನನ್ನ ಗ್ಯಾರೇಜಿಗೆ ಸುರಿಯೋದು ನೋಡೋಕೆ ಬೇಜಾರಾಗುತ್ತಿತ್ತು.

ಹೋಗುವ ಮೊದಲೇ ಗಾಡಿ ಸಿದ್ಧ ಮಾಡಿ ನಿಲ್ಲಿಸೋಣ ಅಂದೆ. ಯಾರೂ ಒಪ್ಪಲಿಲ್ಲ. "ಏನ್ ಕಾಕಾ, ಗಾಡಿಗೆ ಉಪ್ಪಿನಕಾಯಿ ಹಾಕಾಕತ್ತೀರೇನು?" ಅಂತ ಒಬ್ಬ ಹುಡುಗ ಕೇಳಿದ. ಪಕ್ಕದ ಗ್ಯಾರೇಜಿನವರದು ಹಳೇ ಮಾತು: ವಾರಕ್ಕೊಮ್ಮೆ ಮನೆಯವರು ಸ್ಟಾರ್ಟ್ ಮಾಡಿ ಐದು ನಿಮಿಷ ಬಿಟ್ಟರೆ ಸಾಕು.

ಅದನ್ನೂ ಎರಡು ವರ್ಷ ನೋಡಿದ್ದೇವೆ. ಐದು ನಿಮಿಷಕ್ಕೆ ಎಂಜಿನ್ ಸರಿಯಾಗಿ ಕಾಯಲ್ಲ. ಹೊಗೆ ಜೊತೆ ಬಂದ ನೀರು ಸೈಲೆನ್ಸರ್ ಒಳಗೇ ಉಳಿಯುತ್ತೆ. ಸೆಲ್ಫ್ ಒತ್ತಿದಾಗ ಹೋದಷ್ಟು ಚಾರ್ಜು ಬ್ಯಾಟರಿಗೆ ವಾಪಸ್ ಬರಲ್ಲ. ಹಾಗೆ ನೋಡಿಕೊಂಡ ಒಂದು ಗಾಡಿಯ ಸೈಲೆನ್ಸರ್ ಕೆಳಗಡೆ ಬೆರಳು ಹೋಗುವಷ್ಟು ತೂತು ಬಿದ್ದಿತ್ತು.

ನನಗೆ ಜಾಸ್ತಿ ಕಾಡಿದ್ದು ಪೆಟ್ರೋಲು. ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ 20 ಪಾಲು ಎಥೆನಾಲ್. ಅದು ಗಾಳಿಯಲ್ಲಿರೋ ನೀರು ಎಳೆದುಕೊಳ್ಳುತ್ತೆ. ಒಂದು ಗಾಡಿಯ ಟ್ಯಾಂಕ್ ಖಾಲಿ ಬಿಟ್ಟು, ಇನ್ನೊಂದಕ್ಕೆ ತುಂಬಿಸಿ ನೋಡಿದೆ. ಖಾಲಿ ಟ್ಯಾಂಕಿನಿಂದ ಬೆಲ್ಲದ ಬಣ್ಣದ ತುಕ್ಕು ಹುಡಿ ಉದುರಿತು. ತುಂಬಿದ್ದರಲ್ಲಿ ಗಾಳಿಗೆ ಜಾಗ ಕಮ್ಮಿ, ಅದು ಚೊಕ್ಕ ಇತ್ತು. ಆಮೇಲೆ ಎಲ್ಲರಿಗೂ ಫುಲ್ ಟ್ಯಾಂಕ್ ಹಾಕಿಸುತ್ತೇನೆ. ಕುತ್ತಿಗೆವರೆಗೆ ಬೇಡ, ನಮ್ಮ ಬೇಸಿಗೆಗೆ ಪೆಟ್ರೋಲ್ ಹಿಗ್ಗುತ್ತೆ. ಜೊತೆಗೆ ಒಂದು ಪದಾರ್ಥ ಬೆರೆಸುತ್ತೇನೆ, ಅದರ ಹೆಸರು ನನ್ನಲ್ಲೇ ಇರಲಿ.

ಆಮೇಲೆ ಟ್ಯಾಂಕಿನ ಕೆಳಗಿನ ಪೆಟ್ರೋಲ್ ಕಾಕ್ ಬಂದ್ ಮಾಡಿ ಎಂಜಿನ್ ತಾನೇ ಆರುವವರೆಗೆ ಓಡಿಸಿ, ಕಾರ್ಬೊರೇಟರ್ ಕೆಳಗೆ ಪೆಟ್ರೋಲ್ ನಿಲ್ಲುವ ಬೌಲಿನ ಸ್ಕ್ರೂ ಬಿಚ್ಚಿ ಉಳಿದ ಹನಿಯನ್ನೂ ಇಳಿಸುತ್ತೇನೆ. ಕಾರ್ಬೊರೇಟರ್ ಒಳಗೆ ಪೆಟ್ರೋಲ್ ಹಾಯುವ ಪೈಲಟ್ ಜೆಟ್ಟಿನ ತೂತು ಕೂದಲೆಳೆಯಷ್ಟು. ಅದರಲ್ಲಿ ಪೆಟ್ರೋಲ್ ಒಣಗಿ ಅಂಟಾದರೆ ಮುಗೀತು. ಎಂಜಿನ್ ಆಯಿಲನ್ನು ಊರು ಬಿಡುವ ಮೊದಲೇ ಬದಲಿಸಬೇಕು, ಬಂದ ಮೇಲಲ್ಲ. ಕರಿ ಆಯಿಲಿನ ಆಮ್ಲ ತಿಂಗಳುಗಟ್ಟಲೆ ಬೇರಿಂಗ್ ತಿನ್ನುತ್ತಾ ಕೂರುತ್ತೆ. ಸ್ಪಾರ್ಕ್ ಪ್ಲಗ್ ಬಿಚ್ಚಿ ಬೋರಿಗೆ ಎರಡು ಸಣ್ಣ ಚಮಚ ಆಯಿಲ್ ಬಿಟ್ಟು, ನಾಲ್ಕೈದು ಕಿಕ್ ಹೊಡೆದು ಪ್ಲಗ್ ಹಾಕುತ್ತೇನೆ. ಕೊನೆಗೆ ಕಿಕ್ ಬಿಗಿ ಹಿಡಿಯುವ ಜಾಗಕ್ಕೆ ಪಿಸ್ಟನ್ ತಂದು ನಿಲ್ಲಿಸುತ್ತೇನೆ. ಎರಡೂ ವಾಲ್ವ್ ಮುಚ್ಚಿರುತ್ತವಲ್ವಾ, ಹಸಿ ಗಾಳಿ ಒಳಗೆ ಇಳಿಯಲ್ಲ.

ಬ್ಯಾಟರಿ ಬಿಚ್ಚಿ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ. ಬಿಸಿಲು ಏರಿದಷ್ಟೂ ಅದು ಬೇಗ ಇಳಿಯುತ್ತೆ. 12.4 ವೋಲ್ಟ್‌ಗಿಂತ ಕೆಳಗೆ ಬಿಡಲ್ಲ. ಚೈನಿಗೆ ಆಯಿಲ್, ಡಬಲ್ ಸ್ಟ್ಯಾಂಡ್ ಹಾಕಿ ನಿಲ್ಲಿಸೋದು, ಟೈರಿಗೆ ನಾಲ್ಕು ಪಾಯಿಂಟ್ ಜಾಸ್ತಿ ಗಾಳಿ, ಇವು ನಿಮಗೆ ಗೊತ್ತಿರೋದೇ.

ಹೊದಿಕೆ ವಿಷಯ ಮಾತ್ರ ಒತ್ತಿ ಹೇಳುತ್ತೇನೆ. ನಮ್ಮಲ್ಲಿ ಯೂರಿಯಾ ಚೀಲ ಬಿಚ್ಚಿ ಹೊಲಿದು ಗಾಡಿಗೆ ಹೊದಿಸುವ ರೂಢಿ ಇದೆ. ಚೀಲದಲ್ಲಿ ಉಳಿದ ಗೊಬ್ಬರದ ಪುಡಿ ಚಳಿಗಾಲದ ತೇವ ಹೀರಿ ಕರಗುತ್ತೆ. ತಾಗಿದ ಕಡೆ ರಿಮ್ಮಿನ ಕ್ರೋಮ್ ಗುಳ್ಳೆ ಎದ್ದು, ಉಗುರಲ್ಲಿ ಕೆರೆದರೆ ಪದರ ಕಿತ್ತು ಬರುತ್ತೆ. ಗೊಬ್ಬರದ ಚೀಲದ ಪಕ್ಕದಲ್ಲೂ ಗಾಡಿ ನಿಲ್ಲಿಸಬೇಡಿ. ಹಳೇ ಧೋತರ, ಹತ್ತಿ ಸೀರೆ ಸಾಕು, ಗಾಳಿ ಆಡಬೇಕು.

ಇಲಿಗೆ ಡಾಂಬರ್ ಗುಳಿಗೆ ಇಟ್ಟೆ, ಬೇವಿನ ಸೊಪ್ಪು ಕಟ್ಟಿದೆ, ಎರಡೂ ಸುಮ್ನೆ. ಒಂದು ವೈರಿಂಗ್ ಪೂರ್ತಿ ಕಡಿದು ಹಾಕಿದವು, ಮಾಲೀಕನಿಗೆ 900ರಷ್ಟು ಖರ್ಚು. ಈಗ ವೈರಿಗೆ ಏನೋ ಸವರುತ್ತೇನೆ, ಕೆಲಸ ಮಾಡುತ್ತಿದೆ. ಅದನ್ನೂ ಹೇಳಲ್ಲ. ಸೈಲೆನ್ಸರ್ ಬಾಯಿಗೆ ಬಟ್ಟೆ ತುರುಕಿ ಕೆಂಪು ದಾರ ಕಟ್ಟಿ, ಬಂದ ಮೇಲೆ ಮೊದಲು ಅದನ್ನು ತೆಗೆಯಿರಿ ಅಂತ ಹೇಳಿ ಕಳಿಸುತ್ತೇನೆ. ಬಟ್ಟೆ ತುರುಕದೆ ಬಿಟ್ಟರೆ ಒಳಗೆ ಕಣಜದ ಹುಳ ಮಣ್ಣಿನ ಗೂಡು ಕಟ್ಟುತ್ತೆ.

ಈ ಮುಂಗಾರಿಗೆ ಹತ್ತು ಹನ್ನೆರಡು ಗಾಡಿ ವಾಪಸ್ ತೆಗೆದೆವು. ಪ್ಲಗ್ ಒರೆಸಿ ಹಾಕಿ ಕಿಕ್ ಹೊಡೆದರೆ, ಹೆಚ್ಚಂದರೆ ಮೂರನೇದಕ್ಕೆ ಹತ್ತಿಕೊಂಡವು. ಎರಡು ನಿಮಿಷ ಬಿಳಿ ಹೊಗೆ ಬರುತ್ತೆ, ಬೋರಿನ ಆಯಿಲ್ ಅದು. ನನ್ನ ಕೂಲಿ 350, ಆಯಿಲ್ ಬೇರೆ. ಪಕ್ಕದ ಗ್ಯಾರೇಜಿನವರು ತಮ್ಮ ಅಳಿಯನ ಗಾಡಿಯನ್ನು ಈ ಸಲ ನನ್ನ ಹತ್ತಿರ ಬಿಡುತ್ತಾರಂತೆ. ಅದು ಇಂಜೆಕ್ಷನ್ ಗಾಡಿ, ಕಾರ್ಬೊರೇಟರ್ ಇರಲ್ಲ. ಬೌಲ್ ಇಲ್ಲ, ಪೆಟ್ರೋಲ್ ಇಳಿಸೋಕೆ ಆಗಲ್ಲ. ಟ್ಯಾಂಕ್ ತುಂಬಿಸಿ, ನನ್ನ ಪದಾರ್ಥ ಬೆರೆಸಿ, ಅದು ಪಂಪು, ಇಂಜೆಕ್ಟರ್‌ವರೆಗೆ ತಲುಪುವ ಹಾಗೆ ಅರ್ಧ ಗಂಟೆ ಓಡಿಸಿ ನಿಲ್ಲಿಸೋಣ ಅಂದುಕೊಂಡಿದ್ದೇನೆ.